ಬೀರು ಮುಟ್ಟಿದರೆ ಚಟ್, ವಾಷಿಂಗ್ ಮಷೀನ್ ಮುಟ್ಟಿದರೆ ಜುಂ: ಎರಡೂ ಒಂದೇನಾ?

ಪ್ರಶ್ನೆ: ನಾವು ವಿಜಯಪುರದಲ್ಲಿದ್ದೇವೆ. ಚಳಿಗಾಲ ಶುರುವಾದ ಮೇಲೆ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಕಬ್ಬಿಣದ ಬೀರು ಮುಟ್ಟಿದರೆ ಚಟ್ ಅಂತ ಶಾಕ್ ಹೊಡೆಯುತ್ತದೆ. ಬೀರುವಿನ ಹತ್ತಿರ ಯಾವ ವೈರೂ ಇಲ್ಲ. ರಾತ್ರಿ ಸ್ವೆಟರ್ ತೆಗೆದರೆ ಚಟಪಟ ಸದ್ದು, ಕತ್ತಲಲ್ಲಿ ಕಿಡಿ ಕೂಡ ಕಾಣುತ್ತದೆ. ಬಚ್ಚಲಿನ ಪಕ್ಕದ ವಾಷಿಂಗ್ ಮಷೀನ್ ಮುಟ್ಟಿದರೂ ಕೆಲವೊಮ್ಮೆ ಕೈ ಜುಂ ಅನ್ನುತ್ತದೆ. ಎಲ್ಲಾ ಸ್ಟ್ಯಾಟಿಕ್ ಕರೆಂಟು, ಏನೂ ಆಗಲ್ಲ ಅಂತ ನಮ್ಮ ಯಜಮಾನರು ಹೇಳುತ್ತಾರೆ. ಮಂಗಳೂರಿನಲ್ಲಿರುವ ನಮ್ಮ ಅಕ್ಕನಿಗೆ ಇಂಥ ಅನುಭವವೇ ಇಲ್ಲವಂತೆ. ಎಂಟನೇ ಕ್ಲಾಸಿನ ಮಗಳದ್ದು ಇನ್ನೊಂದು ಪ್ರಶ್ನೆ: ಪ್ಲಾಸ್ಟಿಕ್ ಉಜ್ಜಿದರೆ ವಿದ್ಯುತ್ ಬರುತ್ತೆ, ಲೋಹ ಉಜ್ಜಿದರೆ ಬರಲ್ಲ ಅಂತ ಶಾಲೆಯಲ್ಲಿ ಹೇಳಿದ್ದಾರೆ. ಹಾಗಿದ್ದರೆ ಶಾಕ್ ಹೊಡೆಯಬೇಕಾದ್ದು ಪ್ಲಾಸ್ಟಿಕ್ ಕುರ್ಚಿ. ಬೀರು ಯಾಕೆ ಹೊಡೆಯುತ್ತೆ?

ಉತ್ತರ: ಮೊದಲು ವಾಷಿಂಗ್ ಮಷೀನ್ ವಿಷಯ. ದಯವಿಟ್ಟು ಈಗಲೇ ಎದ್ದು ಹೋಗಿ, ಕೈ ಒಣಗಿಸಿಕೊಂಡು, ಕಾಲಿಗೆ ಒಣ ಚಪ್ಪಲಿ ಹಾಕಿಕೊಂಡು ಅದರ ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆದಿಡಿ. ಎಲೆಕ್ಟ್ರೀಷಿಯನ್ ಬಂದು ನೋಡುವವರೆಗೆ ಬಟ್ಟೆ ಕೈಯಲ್ಲೇ ಒಗೆಯಿರಿ. ಬೀರುವಿನ ಶಾಕ್ ಮತ್ತು ಮಷೀನಿನ ಶಾಕ್ ಒಂದೇ ಅಲ್ಲ. ಬೀರುವಿನದ್ದು ಸ್ಥಾಯಿ ವಿದ್ಯುತ್, ಅಂದರೆ ನಿಮ್ಮ ಯಜಮಾನರು ಹೇಳುವ ಸ್ಟ್ಯಾಟಿಕ್. ಮಷೀನಿನದ್ದು ನಿಮ್ಮ ಮನೆಯ 230 ವೋಲ್ಟಿನ ಕರೆಂಟು, ದಾರಿ ತಪ್ಪಿ ಹೊರಗಿನ ತಗಡಿಗೆ ಬಂದಿದೆ.

ಎರಡನ್ನೂ ಗುರುತಿಸುವುದು ಕಷ್ಟವಲ್ಲ. ಸ್ಥಾಯಿ ವಿದ್ಯುತ್ತಿನ ಶಾಕ್ ಒಂದೇ ಸಲ ಚಟ್ ಅನ್ನುತ್ತದೆ. ತಕ್ಷಣ ಇನ್ನೊಮ್ಮೆ ಮುಟ್ಟಿದರೆ ಏನೂ ಇರುವುದಿಲ್ಲ, ಯಾಕೆಂದರೆ ಇದ್ದದ್ದೆಲ್ಲ ಖಾಲಿಯಾಗಿರುತ್ತದೆ. ಕರೆಂಟು ಸೋರುತ್ತಿದ್ದರೆ ಕೈ ಇಟ್ಟಷ್ಟು ಹೊತ್ತೂ ಜುಂ ಅನ್ನುತ್ತಲೇ ಇರುತ್ತದೆ, ಯಾಕೆಂದರೆ ಹಿಂದೆ ಕಂಬದಿಂದ ಸರಬರಾಜು ನಡೆದೇ ಇದೆ. ಎರಡನೇ ಗುರುತು ನಿಮ್ಮ ಕಾಲು. ನೆಲ ಒದ್ದೆಯಿದ್ದು ನೀವು ಬರಿಗಾಲಲ್ಲಿದ್ದರೆ ಸ್ಥಾಯಿ ವಿದ್ಯುತ್ ಹತ್ತಿರವೂ ಸುಳಿಯುವುದಿಲ್ಲ. ಸೋರುವ ಕರೆಂಟು ಮಾತ್ರ ಆಗಲೇ ಜಾಸ್ತಿ ಹೊಡೆಯುತ್ತದೆ. ಬಚ್ಚಲಲ್ಲಿ, ನಲ್ಲಿಯಲ್ಲಿ, ಗೀಸರ್ ಹತ್ತಿರ ಜುಂ ಅಂದರೆ ಅದನ್ನು ಸ್ಟ್ಯಾಟಿಕ್ ಅಂತ ಯಾವತ್ತೂ ಅಂದುಕೊಳ್ಳಬೇಡಿ. (ಗೊತ್ತಿದ್ದೂ ಪರೀಕ್ಷೆಗೆ ಅಂತ ಮತ್ತೆ ಮುಟ್ಟುವುದೂ ಬೇಡ. ಹಿಂದಿನ ಅನುಭವವನ್ನು ನೆನಪಿಸಿಕೊಂಡರೆ ಸಾಕು.)

ನನಗೆ ಪರಿಚಯದ ಒಬ್ಬರ ಮನೆಯಲ್ಲಿ ಬಚ್ಚಲಿನ ನಲ್ಲಿ ತಿಂಗಳುಗಟ್ಟಲೆ ಹೀಗೇ ಜುಂ ಅನ್ನುತ್ತಿತ್ತು. ಚಳಿಗಾಲ ಅಲ್ವಾ, ಸ್ಟ್ಯಾಟಿಕ್ ಇರಬೇಕು ಅಂತ ಸುಮ್ಮನಿದ್ದರು. ಟೆಸ್ಟರ್ ಹಿಡಿದು ನೋಡಿದರೆ ನಲ್ಲಿಯಲ್ಲೇ ದೀಪ ಹತ್ತಿತು. ಗೀಸರಿನ ಕಾಯಿಲ್ ಸೀಳಿ ನೀರಿಗೆ ಕರೆಂಟು ಬರುತ್ತಿತ್ತು. ಪ್ಲಗ್ ಬಿಚ್ಚಿದಾಗ ಒಳಗೆ ಅರ್ಥಿಂಗಿನ ಹಸಿರು ವೈರನ್ನು, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರನ್ನು, ಜೋಡಿಸಿಯೇ ಇರಲಿಲ್ಲ. ಆ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು. ಅದನ್ನು ನೆನೆದರೆ ನನಗೆ ಇವತ್ತಿಗೂ ಎದೆ ಝಲ್ ಅನ್ನುತ್ತದೆ. ಅದಕ್ಕೇ ಇದನ್ನು ಎಲ್ಲಕ್ಕಿಂತ ಮೊದಲು ಹೇಳಿದೆ.

ಎಲೆಕ್ಟ್ರೀಷಿಯನ್ ಬಂದಾಗ ಮೂರು ವಿಷಯ ನೋಡಿಸಿ. ಮಷೀನಿನ ಒಳಗೆ ವೈರು ಎಲ್ಲಾದರೂ ತಗಡಿಗೆ ತಾಗಿದೆಯಾ? ಮೂರು ಪಿನ್ನಿನ ಪ್ಲಗ್‌ನಲ್ಲಿ ದಪ್ಪ, ಉದ್ದ ಪಿನ್ ಇದೆಯಲ್ಲ, ಅದಕ್ಕೆ ಸೇರಿದ ಅರ್ಥಿಂಗ್ ವೈರು ಮನೆಯ ಹೊರಗಿನ ಗುಂಡಿಯವರೆಗೂ ಸರಿಯಾಗಿ ಹೋಗಿದೆಯಾ? ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆಯಾ? ನಿಮ್ಮ ಕಡೆ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ಬಿರಿಯುತ್ತದೆ. ಆಗಾಗ ಒಂದು ಕೊಡ ನೀರು ಹಾಕುವುದನ್ನು ಮರೆಯಬೇಡಿ.

ಈಗ ಬೀರುವಿಗೆ ಬರೋಣ. ಮಗಳ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಪುಸ್ತಕದಲ್ಲಿದ್ದದ್ದನ್ನು ಮನೆಯ ಬೀರುವಿನ ಜೊತೆ ತಾಳೆ ಹಾಕಿ ನೋಡಿದ್ದಾಳೆ. ಚಿಕ್ಕ ಉತ್ತರ ಇಷ್ಟು: ಬೀರು ನಿಮಗೆ ಶಾಕ್ ಹೊಡೆಯುತ್ತಿಲ್ಲ. ವಿದ್ಯುತ್ ಆವೇಶ (ಚಾರ್ಜ್) ತುಂಬಿಕೊಂಡು ಬಂದವರು ನೀವು, ಬೀರು ಅದಕ್ಕೆ ದಾರಿ ಕೊಟ್ಟಿತು ಅಷ್ಟೇ.

ಯಾವುದೇ ವಸ್ತುವನ್ನು ತೆಗೆದುಕೊಳ್ಳಿ, ಅದರ ಪರಮಾಣುಗಳಲ್ಲಿ ಧನ ಆವೇಶದ ಪ್ರೋಟಾನು ಎಷ್ಟಿರುತ್ತವೋ ಋಣ ಆವೇಶದ ಎಲೆಕ್ಟ್ರಾನೂ ಅಷ್ಟೇ ಇರುತ್ತವೆ. ಲೆಕ್ಕ ಸಮ ಆಗಿರುವುದರಿಂದ ಹೊರಗೆ ಏನೂ ತೋರುವುದಿಲ್ಲ. ಎರಡು ಬೇರೆ ಬೇರೆ ವಸ್ತುಗಳು ಒಂದಕ್ಕೊಂದು ಒತ್ತಿಕೊಂಡು ಆಮೇಲೆ ಬಿಟ್ಟುಕೊಂಡಾಗ, ಒಂದರ ಮೇಲಿನ ಕೆಲವು ಎಲೆಕ್ಟ್ರಾನು ಇನ್ನೊಂದಕ್ಕೆ ಅಂಟಿ ಹೋಗುತ್ತವೆ. ಕಳೆದುಕೊಂಡದ್ದು ಧನ, ಪಡೆದುಕೊಂಡದ್ದು ಋಣ. ಪ್ಲಾಸ್ಟಿಕ್ ಬಾಚಣಿಗೆಯಲ್ಲಿ ಒಣ ಕೂದಲು ಬಾಚಿದರೆ ಬಾಚಣಿಗೆ ಋಣ, ಕೂದಲು ಧನ. ಕೂದಲೆಳೆಗಳೆಲ್ಲ ಒಂದೇ ಬಗೆಯ ಆವೇಶದವು, ಅದಕ್ಕೇ ಒಂದನ್ನೊಂದು ದೂಡಿಕೊಂಡು ನಿಮಿರಿ ನಿಲ್ಲುತ್ತವೆ. ಇಲ್ಲಿ ಹೊಸದಾಗಿ ಏನೂ ಹುಟ್ಟಿಲ್ಲ. ಇದ್ದದ್ದೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿದೆ. ಉಜ್ಜುವುದು ಯಾಕೆ ಅಂದರೆ, ಉಜ್ಜಿದಾಗ ಮೈಗೆ ಮೈ ತಾಗುವ ಜಾಗ ಹೆಚ್ಚುತ್ತದೆ. ಸುಮ್ನೆ ಅಂಟಿಸಿ ಕಿತ್ತರೂ ಸಾಕು.

ಇದನ್ನು ಮಗಳಿಗೆ ತೋರಿಸಲು ಸೆಲ್ಲೋಟೇಪ್ ಸಾಕು. ಗೇಣುದ್ದದ ಎರಡು ತುಂಡು ಕತ್ತರಿಸಿ. ತುದಿಯನ್ನು ಸ್ವಲ್ಪ ಮಡಚಿ, ಹಿಡಿಯಲು ಆಗುತ್ತದೆ. ಎರಡನ್ನೂ ಟೇಬಲ್ ಮೇಲೆ ಅಕ್ಕಪಕ್ಕ ಅಂಟಿಸಿ, ಉಗುರಿನಿಂದ ಒತ್ತಿ, ಜೋರಾಗಿ ಕಿತ್ತು ಎರಡೂ ಕೈಯಲ್ಲಿ ಇಳಿಬಿಟ್ಟು ಹತ್ತಿರ ತನ್ನಿ. ಸಿಟ್ಟು ಮಾಡಿಕೊಂಡ ಅಣ್ಣತಮ್ಮಂದಿರ ಹಾಗೆ ಒಂದು ಆ ಕಡೆ, ಇನ್ನೊಂದು ಈ ಕಡೆ ಬಾಗುತ್ತವೆ. ಎರಡನ್ನೂ ಒಂದೇ ರೀತಿ ಕಿತ್ತಿದ್ದೀರಿ, ಹಾಗಾಗಿ ಒಂದೇ ಆವೇಶ. ಈಗ ಒಂದನ್ನು ಮತ್ತೆ ಟೇಬಲ್ ಮೇಲೆ ಅಂಟಿಸಿ, ಅದರ ಬೆನ್ನ ಮೇಲೆ ಇನ್ನೊಂದನ್ನು ಅಂಟಿಸಿ. ಜೋಡಿಯನ್ನು ಒಟ್ಟಿಗೆ ಎಬ್ಬಿಸಿ ಬೆರಳಿನಿಂದ ಒಮ್ಮೆ ನೇವರಿಸಿ, ಆಮೇಲೆ ಎರಡನ್ನೂ ಬೇರೆ ಮಾಡಿ. ಈ ಸಲ ಒಂದಕ್ಕೊಂದು ಹಾರಿ ಬಂದು ಅಂಟಿಕೊಳ್ಳುತ್ತವೆ. ಒಂದು ಕಳೆದುಕೊಂಡದ್ದನ್ನೇ ಇನ್ನೊಂದು ಪಡೆದಿದೆ.

ಆದರೆ ಹರಿದ ಕಾಗದದ ಚೂರಿಗೆ ಯಾವ ಆವೇಶವೂ ಇರುವುದಿಲ್ಲ, ಅದು ಯಾಕೆ ಬಾಚಣಿಗೆಗೆ ಹಾರುತ್ತದೆ? ಬಾಚಣಿಗೆಯ ಋಣ ಆವೇಶ ಕಾಗದದ ಎಲೆಕ್ಟ್ರಾನುಗಳನ್ನು ಕೂದಲೆಳೆಗಿಂತಲೂ ಎಷ್ಟೋ ಕಡಿಮೆ ದೂರ ಹಿಂದಕ್ಕೆ ದೂಡುತ್ತದೆ. ಹತ್ತಿರದ ಬದಿ ಧನ, ದೂರದ ಬದಿ ಋಣ ಆಗುತ್ತದೆ. ಹತ್ತಿರದ್ದರ ಸೆಳೆತ ಜಾಸ್ತಿ, ದೂರದ್ದರ ತಳ್ಳಾಟ ಕಡಿಮೆ. ನಲ್ಲಿಯನ್ನು ದಾರದಷ್ಟು ಸಣ್ಣಗೆ ಬಿಟ್ಟು ಬಾಚಣಿಗೆ ಹತ್ತಿರ ಹಿಡಿದರೆ ನೀರಿನ ಎಳೆಯೂ ಹೀಗೇ ಬಾಗುತ್ತದೆ.

ವಾಹಕ, ಅವಾಹಕ ಅಂದರೇನು ಅನ್ನುವುದು ಇಲ್ಲಿ ಮುಖ್ಯ. ತಾಮ್ರ, ಕಬ್ಬಿಣ, ಸ್ಟೀಲಿನಂಥ ವಾಹಕದಲ್ಲಿ ಪ್ರತಿ ಪರಮಾಣುವಿನ ಹೊರಗಿನ ಒಂದೆರಡು ಎಲೆಕ್ಟ್ರಾನು ಯಾರ ಸ್ವತ್ತೂ ಅಲ್ಲ. ಗೋಮಾಳಕ್ಕೆ ಬಿಟ್ಟ ದನಗಳ ಹಾಗೆ ಇಡೀ ಲೋಹದಲ್ಲಿ ಅಡ್ಡಾಡಿಕೊಂಡಿರುತ್ತವೆ. ಪ್ಲಾಸ್ಟಿಕ್, ಗಾಜು, ರಬ್ಬರ್, ಒಣ ರೇಷ್ಮೆಯಂಥ ಅವಾಹಕದಲ್ಲಿ ಎಲೆಕ್ಟ್ರಾನುಗಳು ಗೂಟಕ್ಕೆ ಕಟ್ಟಿದ ದನ. ಇದ್ದಲ್ಲೇ ಸುತ್ತುತ್ತವೆ, ಬೇರೆ ಕಡೆ ಹೋಗುವುದಿಲ್ಲ. ಹಾಗಾಗಿ ಪ್ಲಾಸ್ಟಿಕ್ಕಿನ ಮೇಲೆ ಆವೇಶ ಕೂತರೆ ಕೂತ ಜಾಗದಲ್ಲೇ ಉಳಿಯುತ್ತದೆ. ಲೋಹದ ಮೇಲೆ ಬಿದ್ದರೆ ಕ್ಷಣದಲ್ಲಿ ಇಡೀ ಮೈಗೆ ಹರಡುತ್ತದೆ, ದಾರಿ ಸಿಕ್ಕರೆ ಹೊರಟೂ ಹೋಗುತ್ತದೆ.

ಈ ವ್ಯತ್ಯಾಸವನ್ನು ಮೊದಲು ಕಂಡುಕೊಂಡವನು ಸ್ಟೀಫನ್ ಗ್ರೇ ಎಂಬ ಇಂಗ್ಲೆಂಡಿನ ಮನುಷ್ಯ. ಬಟ್ಟೆಗೆ ಬಣ್ಣ ಹಾಕುವ ಕಸುಬಿನವನು. 1729ರಲ್ಲಿ ಕೆಂಟ್ ಸೀಮೆಯ ಒಬ್ಬ ಗೆಳೆಯನ ದೊಡ್ಡ ಮನೆಯಲ್ಲಿ, ಉಜ್ಜಿದ ಗಾಜಿನ ಕೊಳವೆಯ ಆವೇಶವನ್ನು ಸೆಣಬಿನಂಥ ಹುರಿಯ ಮೂಲಕ ಎಷ್ಟು ದೂರ ಸಾಗಿಸಬಹುದು ಅಂತ ನೋಡುತ್ತಿದ್ದ. ಹುರಿಯನ್ನು ಅಲ್ಲಲ್ಲಿ ರೇಷ್ಮೆ ದಾರದಿಂದ ತೂಗುಹಾಕಿದ್ದರು. ಆಟ ಚೆನ್ನಾಗಿ ನಡೆದಿತ್ತು. ಹುರಿ ಉದ್ದವಾಗುತ್ತಾ ಹೋದಂತೆ ಭಾರಕ್ಕೆ ಒಂದು ರೇಷ್ಮೆ ದಾರ ತುಂಡಾಯಿತು. ದಾರ ಸಣ್ಣಗಿದ್ದದ್ದರಿಂದಲೇ ಆವೇಶ ಸೋರಿ ಹೋಗಿರಲಿಲ್ಲ ಅಂತ ಅವರ ಲೆಕ್ಕ. ಹಾಗಾಗಿ ಅದರ ಜಾಗಕ್ಕೆ ಸಣ್ಣ ಹಿತ್ತಾಳೆ ತಂತಿ ಕಟ್ಟಿದರು. ತಂತಿ ತುಂಡಾಗಲಿಲ್ಲ, ಆದರೆ ಹುರಿಯ ಆ ತುದಿಯಲ್ಲಿ ಆವೇಶವೇ ಕಾಣಲಿಲ್ಲ. ಎಲ್ಲವೂ ತಂತಿಯ ಮೂಲಕ ಗೋಡೆಗೆ, ನೆಲಕ್ಕೆ ಇಳಿದುಹೋಗಿತ್ತು. ಆಗ ಅವರಿಗೆ ಹೊಳೆಯಿತು: ವಿಷಯ ದಪ್ಪ ಸಣ್ಣದ್ದಲ್ಲ, ಯಾವ ವಸ್ತು ಅನ್ನುವುದು. ದಾರ ತುಂಡಾಗದಿದ್ದರೆ ಈ ವಿಷಯ ಇನ್ನೆಷ್ಟು ದಿನ ಮುಚ್ಚಿಹೋಗಿರುತ್ತಿತ್ತೋ! ನನಗಂತೂ ವಿಜ್ಞಾನದ ಕತೆಗಳಲ್ಲಿ ಇದು ತುಂಬಾ ಇಷ್ಟದ್ದು.

ಮರು ವರ್ಷ ಗ್ರೇ ಇನ್ನೊಂದು ಕೆಲಸ ಮಾಡಿದ. ಒಬ್ಬ ಹುಡುಗನನ್ನು ಆವೇಶ ಹರಿಸದ ಹಗ್ಗದಲ್ಲಿ ಅಡ್ಡಲಾಗಿ ತೂಗಿಬಿಟ್ಟು, ಉಜ್ಜಿದ ಗಾಜನ್ನು ಕಾಲಿನ ಹತ್ತಿರ ಹಿಡಿದ. ಆ ಕಡೆ ಹುಡುಗನ ಮುಖಕ್ಕೆ ಲೋಹದ ತೆಳು ರೇಕಿನ ಚೂರುಗಳು ಹಾರಿ ಬಂದವು. ಅಂದರೆ ಮನುಷ್ಯನ ಮೈ ವಾಹಕ. ರಕ್ತ, ಬೆವರು ಎಲ್ಲಾ ಉಪ್ಪುನೀರು ತಾನೇ?

ನಿಮ್ಮ ಮನೆಯಲ್ಲಿ ಆಗುತ್ತಿರುವುದೂ ಇದೇ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅಲ್ಲಾಡುತ್ತೀರಿ. ಪಾಲಿಯೆಸ್ಟರ್ ಸೀರೆಯೋ ಉಣ್ಣೆ ಶಾಲೋ ಕುರ್ಚಿಗೆ ಉಜ್ಜುತ್ತದೆ. ಕುರ್ಚಿಗೆ ಒಂದು ಬಗೆಯ ಆವೇಶ, ನಿಮ್ಮ ಬಟ್ಟೆ ಮತ್ತು ಮೈಗೆ ಇನ್ನೊಂದು ಬಗೆಯದು. ಕೂತಿರುವಾಗ ಎರಡೂ ಒತ್ತಿಕೊಂಡಿರುವುದರಿಂದ ಒಂದರ ಪ್ರಭಾವವನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಎದ್ದ ತಕ್ಷಣ ಎರಡೂ ದೂರವಾಗುತ್ತವೆ. ಆವೇಶ ಅಷ್ಟೇ ಇದ್ದರೂ ವೋಲ್ಟೇಜು ಸರ್ರನೆ ಏರುತ್ತದೆ. ಒಂದನ್ನೊಂದು ಸೆಳೆಯುತ್ತಿರುವ ಎರಡು ಆವೇಶಗಳನ್ನು ನಿಮ್ಮ ಕಾಲಿನ ಬಲ ಎಳೆದು ಬೇರೆ ಮಾಡಿದೆ. ಕಿಡಿಯ ಶಕ್ತಿ ಬಂದದ್ದು ಅಲ್ಲಿಂದ. ಕಾಲಿಗೆ ರಬ್ಬರ್ ಚಪ್ಪಲಿ ಇರುತ್ತದೆ, ಆವೇಶ ನೆಲಕ್ಕೆ ಇಳಿಯಲು ದಾರಿ ಇಲ್ಲ. ಹಾಗೇ ಹೊತ್ತುಕೊಂಡು ಬೀರುವಿನ ಹತ್ತಿರ ಹೋಗುತ್ತೀರಿ.

ಬೆರಳು ಹಿಡಿಕೆಗೆ ಎರಡು ಮೂರು ಮಿಲಿಮೀಟರ್ ಹತ್ತಿರ ಬಂದಾಗ, ಮೈಯಲ್ಲಿರುವ ಆವೇಶವೆಲ್ಲ ಬೆರಳ ತುದಿಗೆ ನುಗ್ಗಿ ಗಾಳಿಯನ್ನೇ ಸೀಳುತ್ತದೆ. ಗಾಳಿ ಸೀಳಲು ಮಿಲಿಮೀಟರಿಗೆ ಸುಮಾರು 3,000 ವೋಲ್ಟ್ ಬೇಕು. ಮೂರು ಮಿಲಿಮೀಟರ್ ಕಿಡಿ ಹಾರಿದ್ದರೆ ನಿಮ್ಮ ಮೈ ಸುಮಾರು 10,000 ವೋಲ್ಟಿನಲ್ಲಿತ್ತು ಅಂತ ಅರ್ಥ. ಕುರ್ಚಿ ಮುಟ್ಟಿದರೆ ಯಾಕೆ ಹೀಗಾಗುವುದಿಲ್ಲ ಅಂದರೆ, ಅದು ಅವಾಹಕ. ಬೆರಳು ತಾಗಿದ ಚುಕ್ಕೆಯಷ್ಟು ಜಾಗದ ಆವೇಶ ಮಾತ್ರ ಓಡಾಡಬಲ್ಲದು, ಉಳಿದದ್ದು ಗೂಟಕ್ಕೆ ಕಟ್ಟಿಕೊಂಡೇ ಇರುತ್ತದೆ. ನೀವೂ ವಾಹಕ, ಬೀರುವೂ ವಾಹಕ. ಇಬ್ಬರ ನಡುವೆ ಎಲ್ಲವೂ ಒಂದೇ ಏಟಿಗೆ ಹರಿಯುತ್ತದೆ.

10,000 ವೋಲ್ಟ್ ಅಂದ ಕೂಡಲೇ ಹೆದರಬೇಡಿ. ನಮ್ಮ ಗೋಳಗುಮ್ಮಟದ ಮೇಲಿಂದ ಒಂದು ಹನಿ ನೀರು ನಿಮ್ಮ ಅಂಗೈಗೆ ಬಿದ್ದರೆ ಏನಾಗುತ್ತದೆ? ಟಪ್ ಅಂತ ಒಂದು ಸಣ್ಣ ಏಟು. ಅಷ್ಟು ಎತ್ತರವಿಲ್ಲದ ಹೊಳೆ ಮಾತ್ರ ಆಳನ್ನೇ ಕೊಚ್ಚಿಕೊಂಡು ಹೋಗುತ್ತದೆ. ವೋಲ್ಟ್ ಅನ್ನುವುದು ಎತ್ತರ, ಆವೇಶ ಅನ್ನುವುದು ನೀರು. ನಿಮ್ಮ ಮೈಯಲ್ಲಿ ತುಂಬಿದ್ದ ಆವೇಶ ಒಂದು ಮೈಕ್ರೋಕೂಲಂಬ್ (ಆವೇಶದ ಒಂದು ಸಣ್ಣ ಅಳತೆ) ಆಸುಪಾಸು. ಎಲೆಕ್ಟ್ರಾನ್ ಲೆಕ್ಕದಲ್ಲಿ ಸುಮಾರು 6 ಲಕ್ಷ ಕೋಟಿ. ಕೇಳಲು ದೊಡ್ಡದು. ಆದರೆ ಅದರ ಶಕ್ತಿ 5 ಮಿಲಿಜೂಲ್ ಮಾತ್ರ. 10 ವಾಟಿನ ಎಲ್‌ಇಡಿ ಬಲ್ಬು ಅಷ್ಟನ್ನು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದ ಹೊತ್ತಿನಲ್ಲಿ ಮುಗಿಸುತ್ತದೆ. ಹರಿಯುವ ಹೊತ್ತೂ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಚರ್ಮಕ್ಕೆ ಚುಚ್ಚಿದ ಹಾಗಾಗುತ್ತದೆ, ಅಲ್ಲಿಗೆ ಮುಗಿಯಿತು. ವಾಷಿಂಗ್ ಮಷೀನಿನ 230 ವೋಲ್ಟ್ ಹಾಗಲ್ಲ. ಅದು ಹೊಳೆ.

ಅಕ್ಕನಿಗೆ ಯಾಕೆ ಹೀಗಾಗುವುದಿಲ್ಲ ಅನ್ನುವುದು ಸುಲಭ. ಮಂಗಳೂರಿನ ಗಾಳಿಯಲ್ಲಿ ವರ್ಷವಿಡೀ ತೇವ ಇರುತ್ತದೆ. ತೇವದ ಗಾಳಿಯೇ ಕರೆಂಟನ್ನು ಹರಿಸುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ, ಅದು ಸರಿಯಲ್ಲ. ಆ ತೇವ ಕುರ್ಚಿ, ಬಟ್ಟೆ, ಚಪ್ಪಲಿಗಳ ಮೇಲೆ ಕಣ್ಣಿಗೆ ಕಾಣದ ತೆಳು ನೀರಿನ ಪದರವಾಗಿ ಕೂರುತ್ತದೆ. ಆವೇಶ ಆ ಪದರದ ಮೇಲೆ ಮೆಲ್ಲಗೆ ಜಾರಿ ನೆಲ ಸೇರುತ್ತದೆ. ನಾನು ಪಾಠ ಮಾಡುತ್ತಿದ್ದಾಗ ಜುಲೈ ತಿಂಗಳಲ್ಲಿ ಈ ಪ್ರಯೋಗ ಬಂದರೆ ಗಾಜಿನ ಕಡ್ಡಿ ಎಷ್ಟು ಉಜ್ಜಿದರೂ ಒಂದು ಚೂರು ಕಾಗದ ಏಳುತ್ತಿರಲಿಲ್ಲ. ಕಡ್ಡಿಯನ್ನು ಬಲ್ಬಿನ ಹತ್ತಿರ ಬೆಚ್ಚಗೆ ಮಾಡಿ ಒಣಗಿಸಿದ ಮೇಲೆ ಏಳುತ್ತಿತ್ತು. ವಿಜಯಪುರದ ಚಳಿಗಾಲದ ಒಣ ಗಾಳಿಯಲ್ಲಿ ಆ ಕಷ್ಟವೇ ಇಲ್ಲ. ಅಮೆರಿಕ, ಕೆನಡಾದಲ್ಲಿರುವ ನಮ್ಮವರನ್ನು ಕೇಳಿ ನೋಡಿ. ಚಳಿಗೆ ಹೀಟರ್ ಹಾಕಿದ ಮನೆಯಲ್ಲಿ ಗಾಳಿ ಇನ್ನೂ ಒಣಗಿ, ಬಾಗಿಲ ಹಿಡಿಕೆ ಮುಟ್ಟಲೂ ಹಿಂದೆಮುಂದೆ ನೋಡುತ್ತಾರೆ.

ಕಿರಿಕಿರಿ ತಪ್ಪಿಸಲು ಹತ್ತಿಯ ಬಟ್ಟೆ ಉಡಿ, ಕುರ್ಚಿಯ ಮೇಲೆ ಹತ್ತಿಯ ಬಟ್ಟೆ ಹಾಸಿ, ಮನೆಯೊಳಗೆ ರಬ್ಬರ್ ಚಪ್ಪಲಿ ಹಾಕಬೇಡಿ. ಬೀರು ಮುಟ್ಟುವ ಮೊದಲು ಬೀಗದ ಕೈಯನ್ನು ಗಟ್ಟಿಯಾಗಿ ಹಿಡಿದು ಅದರ ತುದಿ ತಾಗಿಸಿ. ಕಿಡಿ ಕೀಲಿಯ ತುದಿಯಿಂದ ಹಾರುತ್ತದೆ, ಬೆರಳಿಗೆ ಚುಚ್ಚುವುದಿಲ್ಲ. ಕತ್ತಲಲ್ಲಿ ಮಾಡಿದರೆ ನೀಲಿ ಎಳೆಯೊಂದು ಮಿಂಚಿ ಮಾಯವಾಗುವುದು ಕಾಣುತ್ತದೆ. ಕಾರಿನಿಂದ ಇಳಿಯುವಾಗ ಬಾಗಿಲಿನ ಲೋಹದ ಭಾಗ ಹಿಡಿದುಕೊಂಡೇ ಕಾಲು ಕೆಳಗಿಡಿ.

ಒಂದು ಕಡೆ ಮಾತ್ರ ಈ ಪುಟ್ಟ ಕಿಡಿಯನ್ನು ಹಗುರವಾಗಿ ನೋಡಬಾರದು. ಪೆಟ್ರೋಲ್ ಆವಿಗೆ ಬೆಂಕಿ ಹತ್ತಲು ಸರಿಯಾದ ಮಿಶ್ರಣದಲ್ಲಿ ಕಾಲು ಮಿಲಿಜೂಲ್ ಸಾಕು. ನಿಮ್ಮ ಬೆರಳಿನ ಕಿಡಿಯಲ್ಲಿ ಅದರ ಇಪ್ಪತ್ತರಷ್ಟಿತ್ತು. ಅದಕ್ಕೇ ಬಂಕಿನಲ್ಲಿ ಟ್ಯಾಂಕರ್ ಖಾಲಿ ಮಾಡುವ ಮೊದಲು ಅದಕ್ಕೆ ಅರ್ಥಿಂಗ್ ವೈರು ಸಿಕ್ಕಿಸುತ್ತಾರೆ. ಪೆಟ್ರೋಲ್ ತುಂಬಿಸುವಾಗ ಕಾರಿನೊಳಗೆ ಕೂತು ಎದ್ದು ಬಂದು ಟ್ಯಾಂಕಿನ ಬಾಯಿ ಮುಟ್ಟಬೇಡಿ. ಸೀಮೆಎಣ್ಣೆ, ಥಿನ್ನರ್ ಕ್ಯಾನ್‌ಗಳನ್ನು ಗಾಡಿಯ ಮೇಲಿಟ್ಟು ತುಂಬಿಸದೆ ನೆಲದ ಮೇಲಿಟ್ಟು ತುಂಬಿಸಿ.

ಇನ್ನು ಮಗಳಿಗೆ. ಲೋಹ ಉಜ್ಜಿದರೆ ಆವೇಶ ಬರಲ್ಲ ಅನ್ನುವುದು ಅರ್ಧ ಮಾತು. ಬರುತ್ತದೆ ಕಂದಾ, ಆದರೆ ನೀನು ಕೈಯಲ್ಲಿ ಹಿಡಿದಿರುತ್ತೀಯಲ್ಲ, ಬಂದದ್ದು ಬಂದ ಹಾಗೆ ನಿನ್ನ ಮೈಯ ಮೂಲಕ ನೆಲಕ್ಕೆ ಇಳಿದುಹೋಗುತ್ತದೆ. ಗ್ರೇ ಕಟ್ಟಿದ ಹಿತ್ತಾಳೆ ತಂತಿಯ ಕೆಲಸವನ್ನು ಇಲ್ಲಿ ನೀನೇ ಮಾಡುತ್ತಿದ್ದೀಯ. ಲೋಹಕ್ಕೆ ಪ್ಲಾಸ್ಟಿಕ್ ಹಿಡಿಕೆ ಹಾಕಿ ನೋಡು.

ಒಂದು ಅಲ್ಯೂಮಿನಿಯಂ ತಟ್ಟೆ ತಗೊ. ನಡುವೆ ಒಣ ಪ್ಲಾಸ್ಟಿಕ್ ಲೋಟವನ್ನು ಗಮ್ಮಿನಿಂದ ಅಂಟಿಸು, ಅದೇ ಹಿಡಿಕೆ. ಥರ್ಮೋಕೋಲ್ ಹಲಗೆಯನ್ನು ಉಣ್ಣೆಯ ಸ್ವೆಟರಿನಿಂದ ಒಂದು ನಿಮಿಷ ಚೆನ್ನಾಗಿ ಉಜ್ಜು. ಲೋಟ ಹಿಡಿದು ತಟ್ಟೆಯನ್ನು ಅದರ ಮೇಲಿಡು. ಈಗ ತಟ್ಟೆಯನ್ನು ಬೆರಳಿನಿಂದ ಒಮ್ಮೆ ಮುಟ್ಟು, ಸಣ್ಣಗೆ ಚಟ್ ಅನ್ನುತ್ತದೆ. ಥರ್ಮೋಕೋಲಿನ ಋಣ ಆವೇಶ ದೂಡಿದ ಎಲೆಕ್ಟ್ರಾನುಗಳು ನಿನ್ನ ಬೆರಳಿನ ಮೂಲಕ ಹೊರಗೆ ಹೋದವು. ಬೆರಳು ತೆಗೆದು, ಲೋಟ ಹಿಡಿದು ತಟ್ಟೆಯನ್ನು ಮೇಲೆತ್ತು. ತಟ್ಟೆಗೆ ಈಗ ಎಲೆಕ್ಟ್ರಾನುಗಳ ಕೊರತೆ. ಮತ್ತೆ ಬೆರಳು ಹತ್ತಿರ ತಂದರೆ ಅವು ವಾಪಸ್ ಹಾರುತ್ತವೆ, ಚಟ್! ಥರ್ಮೋಕೋಲನ್ನು ಮತ್ತೆ ಉಜ್ಜುವುದು ಬೇಡ. ಇಡು, ಮುಟ್ಟು, ಎತ್ತು, ಮುಟ್ಟು. ಹತ್ತು ಸಲ ಮಾಡಿದರೂ ಹತ್ತು ಸಲವೂ ಕಿಡಿ ಬರುತ್ತದೆ. ಬ್ಯಾಟರಿ ಕಂಡುಹಿಡಿಯುವ ಎಷ್ಟೋ ಮೊದಲು, 1775ರಲ್ಲಿ, ಇಟಲಿಯ ವಿಜ್ಞಾನಿ ವೋಲ್ಟಾ ಇಂಥದ್ದೇ ಸಾಧನವನ್ನು ಎಲ್ಲರಿಗೂ ತೋರಿಸಿದ್ದ. ಹತ್ತೂ ಕಿಡಿಗೆ ಶಕ್ತಿ ಎಲ್ಲಿಂದ ಬಂತು ಅಂತ ನೀನೇ ಯೋಚಿಸು. ಅಮ್ಮ ಕುರ್ಚಿಯಿಂದ ಎದ್ದದ್ದನ್ನು ನೆನಪಿಸಿಕೋ, ಸಿಗುತ್ತದೆ. ದೀಪ ಆರಿಸಿ, ಚಳಿ ಇರುವಾಗಲೇ ಮಾಡು. ಮಳೆಗಾಲ ಬಂದರೆ ಥರ್ಮೋಕೋಲಿನ ಮೇಲೆ ಆವೇಶ ನಿಲ್ಲುವುದಿಲ್ಲ.